ಬೆಂಗಳೂರು ಉಪನಗರ ರೈಲು

ಬೆಂಗಳೂರು ಮಹಾನಗರವನ್ನು ಸುತ್ತಲಿನ ಊರುಗಳೊಂದಿಗೆ ಬೆಸೆಯಲು ನಿರ್ಮಾಣವಾಗುತ್ತಿರುವ ರೈಲು ಜಾಲ. ನಗರದ ದಂಡು ಪ್ರದೇಶದಿಂದ ಜೋಲಾರಪೇಟೆಗೆ ರೈಲು ಓಡಿದ್ದು 1864ರಲ್ಲೇ. ಆದರೆ ನಗರದ ನಿತ್ಯ ಪ್ರಯಾಣಿಕರಿಗೆಂದೇ ಪ್ರತ್ಯೇಕ ಹಳಿ ಬೇಕೆಂಬ ಪ್ರಸ್ತಾವ ಬಂದದ್ದು 1983ರಲ್ಲಿ. ಅದು ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಈ ವಿಳಂಬಕ್ಕೆ ನಗರ ತೆತ್ತ ಬೆಲೆ ಅದರ ರಸ್ತೆಗಳಲ್ಲೇ ಕಾಣುತ್ತದೆ. ‘ಚುಕುಬುಕು ಬೇಕು’ ಎಂದು ನಾಗರಿಕರು ನಡೆಸಿದ ಚಳವಳಿ ಬೇಡಿಕೆಗೆ ಮತ್ತೆ ಜೀವ ತುಂಬಿತು.

ಕೇಂದ್ರ ಸಚಿವ ಸಂಪುಟ 2020ರ ಅಕ್ಟೋಬರಿನಲ್ಲಿ ಯೋಜನೆಗೆ ಒಪ್ಪಿಗೆ ನೀಡಿತು. 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಸಂಸ್ಥೆಯಾದ ಕೆ-ರೈಡ್ ಇದನ್ನು ನಿರ್ಮಿಸುತ್ತಿದೆ. ಒಟ್ಟು ಉದ್ದ 148.17 ಕಿ.ಮೀ. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿಟ್ಟಿರುವುದು ಸೊಗಸಾದ ಆಯ್ಕೆ: ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. ಕಾಮಗಾರಿ ಮೊದಲು ಆರಂಭವಾದದ್ದು ಸುಮಾರು 25 ಕಿ.ಮೀ. ಉದ್ದದ ಮಲ್ಲಿಗೆ ಮಾರ್ಗದಲ್ಲಿ.

ಮೆಟ್ರೊ ನಗರದೊಳಗಿನ ಓಡಾಟಕ್ಕೆ ಒದಗಿದರೆ, ಇದು ದೂರದ ಬಡಾವಣೆ, ಕೈಗಾರಿಕಾ ಪ್ರದೇಶಗಳ ದುಡಿಮೆಗಾರರಿಗೆ ಒದಗಬೇಕಾದ ಸೇವೆ. ಭೂಸ್ವಾಧೀನ ಬೇಗ ಮುಗಿಯುವುದು, ನಿಲ್ದಾಣಗಳು ಮೆಟ್ರೊ ಹಾಗೂ ಬಸ್ ನಿಲ್ದಾಣಗಳಿಗೆ ನಡೆದು ಹೋಗುವಷ್ಟು ಹತ್ತಿರವಿರುವುದು, ದುಡಿಯುವವರ ಕೈಗೆಟುಕುವ ಟಿಕೆಟ್ ದರ—ಇವುಗಳ ಮೇಲೆ ಇದರ ಭವಿಷ್ಯ ನಿಂತಿದೆ.