ಬಿಡಾರದಿಂದ ಬಿಡಾರಕ್ಕೆ: ಒಂದು ಹಾಕಿ ತಂಡದ ಚರಿತ್ರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಉಂಟು. ಸಂಸಾರಿಗಳಿಗೆ ಹೇಳಿದ ಈ ಮಾತು ಆಟದ ತಂಡಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಅಮೆರಿಕದ ಅರಿಜೋನ ರಾಜ್ಯದ ಕಯೋಟೀಸ್ ತಂಡದ ಚರಿತ್ರೆಯೇ ಸಾಕ್ಷಿ. ಆ ತಂಡ ಅಲ್ಲಿ 28 ವರ್ಷ ಬಾಳಿ 2024ರಲ್ಲಿ ಊರು ಬಿಟ್ಟಿತು. ಅದಕ್ಕೆ ಒಳ್ಳೆಯ ಆಟಗಾರರಿದ್ದರು, ಅಭಿಮಾನಿಗಳಿದ್ದರು, ಆಗಾಗ ಗೆಲುವೂ ಬಂದಿತು. ಬರದೆ ಹೋದದ್ದು ಒಂದೇ, ತನ್ನದು ಎಂದು ಹೇಳಿಕೊಳ್ಳಬಹುದಾದ ಮನೆ.

ಇಲ್ಲಿ ಹಾಕಿ ಎಂದರೆ ನಾವು ಬಲ್ಲ ಮೈದಾನದ ಹಾಕಿಯಲ್ಲ. ಉಕ್ಕಿನ ಅಲಗು ಜೋಡಿಸಿದ ಬೂಟು ತೊಟ್ಟು, ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಹೊಡೆದು ಆಡುವ ಐಸ್ ಹಾಕಿ. ಆಟದ ನೆಲ 200 ಅಡಿ ಉದ್ದ, 85 ಅಡಿ ಅಗಲ. ನೆಲದೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣನೆಯ ದ್ರವವನ್ನು ಹರಿಸಿ ಮೇಲಿನ ನೀರನ್ನು ಹೆಪ್ಪುಗಟ್ಟಿಸುತ್ತಾರೆ. ಆದ್ದರಿಂದ ಬಯಲೊಂದಿದ್ದರೆ ಸಾಲದು. ಯಂತ್ರಗಳೂ ಸಾವಿರಾರು ಆಸನಗಳೂ ಉಳ್ಳ ದೊಡ್ಡ ಕ್ರೀಡಾಭವನವೇ ಬೇಕು. ನ್ಯಾಷನಲ್ ಹಾಕಿ ಲೀಗಿನಲ್ಲಿ ಈ ಕಥೆಯ ಕಾಲಕ್ಕೆ ಒಂದು ತಂಡ ಸಾಮಾನ್ಯವಾಗಿ ವರ್ಷಕ್ಕೆ 41 ಪಂದ್ಯಗಳನ್ನು ತನ್ನ ಊರಿನಲ್ಲಿ ಆಡುತ್ತಿತ್ತು. ಉಳಿದ ದಿನಗಳಲ್ಲಿ ಸಂಗೀತ, ಪ್ರದರ್ಶನ ಮುಂತಾದವು ನಡೆದರೆ ಮಾತ್ರ ಭವನದ ಖರ್ಚು ಹುಟ್ಟುತ್ತದೆ. ಟಿಕೆಟ್ಟಿನ ಹಣವಲ್ಲದೆ, ವಾಹನ ನಿಲ್ಲಿಸುವ ಶುಲ್ಕ, ತಿಂಡಿ ಪಾನೀಯಗಳ ಮಾರಾಟ, ಹಣವಂತರು ಗೊತ್ತುಮಾಡಿಕೊಳ್ಳುವ ಕೊಠಡಿಗಳ ಬಾಡಿಗೆ, ಇವೆಲ್ಲ ಸೇರಿ ತಂಡವನ್ನು ಸಾಕುತ್ತವೆ. ಈ ಬಾಬುಗಳು ಭವನದ ಒಡೆಯನ ಕೈಸೇರಿದರೆ ಬಾಡಿಗೆಗಿರುವ ತಂಡಕ್ಕೆ ಉಳಿಯುವುದು ಅಲ್ಪ. ಮುಂದಿನದನ್ನು ತಿಳಿಯಲು ಈ ಒಂದು ಲೆಕ್ಕ ನೆನಪಿನಲ್ಲಿದ್ದರೆ ಸಾಕು.

ತಂಡ ಹುಟ್ಟಿದ್ದು ಮರುಭೂಮಿಯಲ್ಲಲ್ಲ, ಕೆನಡದ ಚಳಿಯ ಊರಾದ ವಿನಿಪೆಗ್ಗಿನಲ್ಲಿ. 1972ರಲ್ಲಿ ಜೆಟ್ಸ್ ಎಂಬ ಹೆಸರಿನಿಂದ ಅದು ಆರಂಭವಾಯಿತು. ಆಗ ನ್ಯಾಷನಲ್ ಲೀಗಿಗೆ ಎದುರಾಗಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಇನ್ನೊಂದು ಕೂಟ ತಲೆಯೆತ್ತಿತ್ತು. ಪ್ರಖ್ಯಾತ ಆಟಗಾರ ಬಾಬಿ ಹಲ್ ಜೆಟ್ಸ್ ತಂಡವನ್ನು ಸೇರಿದಾಗ ಆ ಕೂಟಕ್ಕೇ ಒಂದು ಗೌರವ ಬಂದಿತು. 1979ರಲ್ಲಿ ಎದುರು ಕೂಟ ಮುಚ್ಚಿಹೋಗಲು, ಅದರ ನಾಲ್ಕು ತಂಡಗಳನ್ನು ನ್ಯಾಷನಲ್ ಲೀಗ್ ತನ್ನೊಳಕ್ಕೆ ಸೇರಿಸಿಕೊಂಡಿತು. ವಿನಿಪೆಗ್, ಕ್ವಿಬೆಕ್, ಹಾರ್ಟ್‌ಫರ್ಡ್ ಮತ್ತು ಎಡ್ಮಂಟನ್. 1995ರಿಂದ 1997ರೊಳಗೆ ಮೊದಲ ಮೂರೂ ಊರು ಬಿಟ್ಟು ಹೋದವು. ನೆಲೆನಿಂತದ್ದು ಎಡ್ಮಂಟನ್ ಒಂದೇ. ಒಂದು ತಂಡದ ದೌರ್ಭಾಗ್ಯವೆಂದು ತೋರುವುದು ಒಂದು ಕಾಲದ ಒತ್ತಡವೂ ಆಗಿದ್ದಿತು.

ಆ ಒತ್ತಡ ಎರಡು ಬಗೆಯದು. ಆಟಗಾರರ ಸಂಬಳವನ್ನು ಅಮೆರಿಕದ ಡಾಲರಿನಲ್ಲಿ ಕೊಡಬೇಕು. ಬರುವ ಹಣವೆಲ್ಲ ಕೆನಡದ ಡಾಲರು. 1990ರ ದಶಕದ ನಡುವೆ ಕೆನಡದ ಒಂದು ಡಾಲರಿಗೆ ಅಮೆರಿಕದ ಮುಕ್ಕಾಲು ಡಾಲರೂ ಸಿಗುತ್ತಿರಲಿಲ್ಲ. ಎರಡನೆಯದಾಗಿ, 1955ರಲ್ಲಿ ಕಟ್ಟಿದ ಊರಿನ ಕ್ರೀಡಾಭವನ ಹಳತಾಗಿತ್ತು. ಹೊಸ ಕಾಲದ ಆದಾಯ ತರುವ ಅನುಕೂಲಗಳು ಅಲ್ಲಿರಲಿಲ್ಲ. 1995ರಲ್ಲಿ ಊರಿನ ಜನ ಸುಮ್ಮನೆ ಕೂಡಲಿಲ್ಲ. ಸಾವಿರಾರು ಮಂದಿ ಬೀದಿಗಿಳಿದು ಸಭೆ ನಡೆಸಿದರು. ವರ್ತಕರು ದೇಣಿಗೆ ಕೊಟ್ಟರು. ಮಕ್ಕಳು ತಮ್ಮ ಹುಂಡಿ ಒಡೆದು ಕಾಸು ತಂದರು. ಕೂಡಿದ ಹಣ ದೊಡ್ಡದು. ಆದರೆ ನಷ್ಟವನ್ನೂ ಹೊಸ ಭವನವನ್ನೂ ಹೊರುವಷ್ಟು ದೊಡ್ಡದಲ್ಲ. 1996ರ ಏಪ್ರಿಲ್ 28ರಂದು ಡೆಟ್ರಾಯಿಟ್ ತಂಡಕ್ಕೆ 4-1ರಿಂದ ಸೋತು ಜೆಟ್ಸ್ ವಿನಿಪೆಗ್ಗಿಗೆ ವಿದಾಯ ಹೇಳಿತು.

ಅರಿಜೋನದ ಫೀನಿಕ್ಸ್ ನಗರಕ್ಕೆ ಬಂದ ತಂಡ ಹೊಸ ಹೆಸರು ತೊಟ್ಟಿತು. ಕಯೋಟಿ ಎಂದರೆ ಆ ಸೀಮೆಯಲ್ಲಿ ಓಡಾಡುವ, ತೋಳಕ್ಕಿಂತ ಚಿಕ್ಕದಾದ, ಅದೇ ಜಾತಿಯ ಕಾಡುಪ್ರಾಣಿ. ಹೆಸರು ಊರಿಗೆ ಒಪ್ಪಿತು. ಬಿಡಾರ ಆಟಕ್ಕೆ ಒಪ್ಪಲಿಲ್ಲ. 1992ರಲ್ಲಿ ತೆರೆದ ಆ ಭವನ ಬಾಸ್ಕೆಟ್‌ಬಾಲ್ ಆಟಕ್ಕೆಂದು ಅಳತೆ ಮಾಡಿ ಕಟ್ಟಿದ್ದು. ಬಾಸ್ಕೆಟ್‌ಬಾಲ್ ಅಂಗಣದ ಉದ್ದ 94 ಅಡಿ. ಐಸ್ ಹಾಕಿಗೆ ಬೇಕಾದದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ಮಂಜುಗಡ್ಡೆಯನ್ನು ಹೇಗೋ ತುರುಕಿದ್ದಾಯಿತು. ಆದರೆ ಒಂದು ಕೊನೆಯಲ್ಲಿ ಮೇಲಂತಸ್ತಿನ ಆಸನಗಳು ನೆಲದ ಮೇಲಕ್ಕೇ ಚಾಚಿಕೊಂಡಿದ್ದುದರಿಂದ ಅಲ್ಲಿ ಕುಳಿತವರಿಗೆ ತಮ್ಮ ಕಾಲಕೆಳಗಿನ ಗೋಲೇ ಕಾಣುತ್ತಿರಲಿಲ್ಲ. ಗೋಲು ಕಾಣದ ಆಸನಕ್ಕೆ ಯಾರು ತಾನೆ ಹಣ ಕೊಟ್ಟಾರು?

ಹೀಗಾಗಿ ತಂಡ ಇನ್ನೊಂದು ಮನೆಯನ್ನು ಅರಸಿತು. ಪೂರ್ವದ ಸ್ಕಾಟ್ಸ್‌ಡೇಲ್ ಪಟ್ಟಣದಲ್ಲಿ ಹಳೆಯ ಅಂಗಡಿ ಸಂಕೀರ್ಣವೊಂದರ ಜಾಗದಲ್ಲಿ ಕಟ್ಟುವ ಮಾತು ನಡೆದು ಮುರಿಯಿತು. ಕೊನೆಗೆ ಕೈಹಿಡಿದದ್ದು ಫೀನಿಕ್ಸಿನ ಪಶ್ಚಿಮದ ಗ್ಲೆಂಡೇಲ್. ಅಲ್ಲಿಯ ನಗರಸಭೆ ಸುಮಾರು 18 ಕೋಟಿ ಡಾಲರುಗಳನ್ನು ಹಾಕಿ, 17,000ಕ್ಕೂ ಹೆಚ್ಚು ಜನ ಕೂಡಬಹುದಾದ ಚೆಲುವಾದ ಭವನವನ್ನು 2003ರ ಡಿಸೆಂಬರಿನಲ್ಲಿ ತೆರೆಯಿತು. ಹಾಕಿಗೆಂದೇ ಕಟ್ಟಿದ ಭವನ. ಯಾವ ಆಸನದಿಂದಲೂ ಗೋಲು ಕಾಣುತ್ತಿತ್ತು. ಆದರೆ ತಂಡವನ್ನು ಪೋಷಿಸುತ್ತಿದ್ದ ಜನರಲ್ಲಿ ಬಹುಮಂದಿ ಇದ್ದುದು ಪೂರ್ವದ ಕಡೆ. ವಾರದ ನಡುವೆ, ಸಂಜೆಯ ವಾಹನದಟ್ಟಣೆಯಲ್ಲಿ, ನಗರವನ್ನು ಈ ತುದಿಯಿಂದ ಆ ತುದಿಗೆ ದಾಟಿ ಬರುವ ಉತ್ಸಾಹ ಎಷ್ಟು ದಿನ ಉಳಿದೀತು? ಭವನದ ಸುತ್ತ ಅಂಗಡಿಗಳೂ ವಸತಿಗಳೂ ಬೆಳೆದು ತೆರಿಗೆ ಹರಿದುಬರುತ್ತದೆಂಬ ಲೆಕ್ಕವನ್ನು 2008ರ ಆರ್ಥಿಕ ಕುಸಿತ ಬುಡಮೇಲು ಮಾಡಿತು.

2009ರ ಮೇ ತಿಂಗಳಲ್ಲಿ ಅಂದಿನ ಒಡೆಯ ಜೆರ್ರಿ ಮೋಯಸ್ ದಿವಾಳಿ ಅರ್ಜಿ ಹಾಕಿದರು. ಬ್ಲ್ಯಾಕ್‌ಬೆರಿ ದೂರವಾಣಿಯ ಸಂಸ್ಥೆಯನ್ನು ನಡೆಸುತ್ತಿದ್ದವರಲ್ಲಿ ಒಬ್ಬರಾದ ಕೆನಡದ ಜಿಮ್ ಬಾಲ್ಸಿಲಿ ತಂಡವನ್ನು ಕೊಂಡು ಹ್ಯಾಮಿಲ್ಟನ್ ನಗರಕ್ಕೆ ಒಯ್ಯಲು ಸಿದ್ಧರಿದ್ದರು. ಅವರು ಹೇಳಿದ ಬೆಲೆ ಮೊದಲಿಗೆ 21 ಕೋಟಿ 25 ಲಕ್ಷ ಡಾಲರು. ಲೀಗ್ ಒಪ್ಪಲಿಲ್ಲ. ಯಾರು ಒಡೆಯರಾಗಬೇಕು, ಎಲ್ಲಿ ಆಡಬೇಕು ಎಂಬುದನ್ನು ಗೊತ್ತುಮಾಡುವ ಹಕ್ಕು ತನ್ನದೆಂದು ವಾದಿಸಿತು. ನ್ಯಾಯಾಧೀಶ ರೆಡ್‌ಫೀಲ್ಡ್ ಬಾಮ್ ಬಾಲ್ಸಿಲಿಯವರ ಬೇಡಿಕೆಯನ್ನು ತಳ್ಳಿಹಾಕಿದರು. ಕಡೆಗೆ ಲೀಗೇ 14 ಕೋಟಿ ಡಾಲರಿಗೆ ತಂಡವನ್ನು ಕೊಂಡು ನಾಲ್ಕು ವರ್ಷ ನಡೆಸಿತು. ಹೀಗೆ ಯಜಮಾನನಿಲ್ಲದಿದ್ದ ಕಾಲದಲ್ಲಿಯೇ, 2012ರಲ್ಲಿ, ತಂಡ ನ್ಯಾಷನಲ್ ಲೀಗಿನಲ್ಲಿ ತಾನು ಎಂದೂ ಏರದ ಎತ್ತರಕ್ಕೆ ಏರಿ ಪಶ್ಚಿಮ ವಿಭಾಗದ ಅಂತಿಮ ಸುತ್ತನ್ನು ಮುಟ್ಟಿದ್ದು ವಿಚಿತ್ರವಾದರೂ ನಿಜ. ಆ ತಂಡದ ನಾಯಕ ಶೇನ್ ಡೋನ್, ವಿನಿಪೆಗ್ಗಿನ ಕೊನೆಯ ವರ್ಷದಲ್ಲಿ ಹುಡುಗನಾಗಿ ಸೇರಿ, 2017ರವರೆಗೆ ಬೇರೆ ಯಾವ ತಂಡಕ್ಕೂ ಆಡದೆ ನಿಂತವರು. ಬಿಡಾರಗಳು ಬದಲಾದವು, ಒಡೆಯರು ಬದಲಾದರು. ಬದಲಾಗದೆ ಉಳಿದವರು ಅವರು.

ಈ ಆಟದ ಖರ್ಚನ್ನು ಹೊತ್ತ ಗ್ಲೆಂಡೇಲಿನ ಪಾಡನ್ನೂ ನೋಡಬೇಕು. ತಂಡ ಹೋಗದಿರಲೆಂದು ಆ ನಗರಸಭೆ ಭವನದ ನಿರ್ವಹಣೆಗಾಗಿ ಲೀಗಿಗೆ ವರ್ಷಕ್ಕೆ 2 ಕೋಟಿ 50 ಲಕ್ಷ ಡಾಲರಿನಂತೆ ಎರಡು ವರ್ಷ ಕೊಟ್ಟಿತು. 2013ರಲ್ಲಿ ಹೊಸ ಒಡೆಯರಿಗೆ ವರ್ಷಕ್ಕೆ ಒಂದೂವರೆ ಕೋಟಿ ಡಾಲರು ಕೊಡುವ 15 ವರ್ಷದ ಕರಾರನ್ನು 4-3 ಮತಗಳಿಂದ ಒಪ್ಪಿತು. ಎರಡೇ ವರ್ಷದಲ್ಲಿ, 2015ರ ಜೂನಿನಲ್ಲಿ, ಅದೇ ಕರಾರನ್ನು 5-2 ಮತಗಳಿಂದ ರದ್ದುಮಾಡಿತು. ಬಳಿಕ ಅಲ್ಪಾವಧಿಯ ಕರಾರುಗಳು. 2021ರ ಆಗಸ್ಟಿನಲ್ಲಿ, ಆ ಋತುವಿನ ಕೊನೆಗೆ ಜಾಗ ಖಾಲಿಮಾಡಬೇಕೆಂದು ನಗರಸಭೆ ತಿಳಿಸಿತು. ಇದನ್ನು ಕಠೋರವೆನ್ನುವವರುಂಟು. ಆದರೆ ಪುಸ್ತಕಭಂಡಾರಕ್ಕೂ ಅಗ್ನಿಶಾಮಕ ದಳಕ್ಕೂ ಸಲ್ಲಬೇಕಾದ ಹಣದಿಂದಲೇ ಒಂದು ಪಟ್ಟಣ ಎಷ್ಟು ಕಾಲ ಖಾಸಗಿ ವ್ಯಾಪಾರದ ನಷ್ಟ ತುಂಬಬೇಕು?

2022ರ ಅಕ್ಟೋಬರಿನಲ್ಲಿ ತಂಡ ಟೆಂಪಿ ಪಟ್ಟಣದ ವಿಶ್ವವಿದ್ಯಾನಿಲಯದ ಹೊಸ ಭವನವನ್ನು ಹೊಕ್ಕಿತು. ವಿದ್ಯಾರ್ಥಿಗಳಿಗೆಂದು ಕಟ್ಟಿದ ಆ ಮಲೆಟ್ ಭವನದಲ್ಲಿ ಇದ್ದ ಆಸನಗಳು ಸುಮಾರು 4,600. ಲೀಗಿನ ಉಳಿದ ಭವನಗಳಲ್ಲಿ ಆಗ ಹದಿನೈದು ಸಾವಿರಕ್ಕೆ ಕಡಿಮೆಯಿರಲಿಲ್ಲ. ಅಲ್ಲಿಯ ಮೊದಲ ಪಂದ್ಯಕ್ಕೆ ಅತಿಥಿಯಾಗಿ ಬಂದದ್ದು ವಿನಿಪೆಗ್ ತಂಡ! ವಿನಿಪೆಗ್ಗಿಗೆ ಮತ್ತೆ ತಂಡ ಎಲ್ಲಿಂದ ಬಂದಿತೆಂದರೆ, ಆ ಊರು 2004ರಲ್ಲಿ ಮೊದಲು ಪಟ್ಟಣದ ನಡುಮಧ್ಯೆ ಹೊಸ ಭವನ ಕಟ್ಟಿಕೊಂಡಿತು. ಆಮೇಲೆ, 2011ರಲ್ಲಿ, ಅಟ್ಲಾಂಟದ ತಂಡವನ್ನು ಕೊಂಡು ತಂದಿತು. 13,000 ಋತು ಟಿಕೆಟ್ಟುಗಳು ಕೆಲವೇ ದಿನಗಳಲ್ಲಿ ಮುಗಿದುಹೋದವು. ಮನೆ ಮೊದಲು, ಮದುವೆ ಆಮೇಲೆ ಎಂಬ ಪಾಠವನ್ನು ಅದು ಚೆನ್ನಾಗಿ ಕಲಿತಿತ್ತು.

ಕಯೋಟೀಸಿನ ಕೊನೆಯ ಆಸೆ ಟೆಂಪಿಯಲ್ಲಿಯೇ ಇತ್ತು. ಹಿಂದೆ ಊರಿನ ಕಸ ಸುರಿಯುತ್ತಿದ್ದ 46 ಎಕರೆಗಳಲ್ಲಿ ಭವನ, ಅಂಗಡಿ, ವಸತಿಗಳ ಬಡಾವಣೆಯೊಂದನ್ನು ಕಟ್ಟಲು ಒಡೆಯ ಅಲೆಕ್ಸ್ ಮೆರುಯೆಲೊ ಮುಂದಾದರು. ಅಂದಾಜು 210 ಕೋಟಿ ಡಾಲರು. ವಿಮಾನಗಳು ಹಾರುವ ದಾರಿಯ ಕೆಳಗೆ ವಸತಿ ಕೂಡದೆಂದು ನೆರೆಯ ವಿಮಾನನಿಲ್ದಾಣದವರು ಆಕ್ಷೇಪಿಸಿದರು. ತೆರಿಗೆಯ ರಿಯಾಯಿತಿ ಬೇಡವೆಂದು ನಾಗರಿಕರಲ್ಲಿ ಹಲವರು ಹೇಳಿದರು. ವಿಷಯ ಮತದಾರರ ಮುಂದೆ ಬಂದಿತು. 2023ರ ಮೇ 16ರಂದು ಕೇಳಿದ ಮೂರು ಪ್ರಶ್ನೆಗಳಿಗೂ ಜನ ಬೇಡವೆಂದರು.

2024ರ ಏಪ್ರಿಲ್ 17ರಂದು ಮಲೆಟ್ ಭವನದಲ್ಲಿ ಕೊನೆಯ ಆಟ. ಎದುರಾಳಿ ಎಡ್ಮಂಟನ್, 1979ರ ಒಡನಾಡಿಗಳಲ್ಲಿ ನೆಲೆನಿಂತ ಒಂದೇ ತಂಡ. ಕಯೋಟೀಸ್ 5-2ರಿಂದ ಗೆದ್ದಿತು. ಮಾರನೆಯ ದಿನ ಲೀಗ್ ಒಪ್ಪಿಗೆ ಕೊಟ್ಟಿತು. 120 ಕೋಟಿ ಡಾಲರುಗಳ ವ್ಯವಹಾರದಲ್ಲಿ ಆಟಗಾರರೆಲ್ಲರೂ ಯೂಟ ರಾಜ್ಯದ ಸಾಲ್ಟ್ ಲೇಕ್ ನಗರಕ್ಕೆ ಹೊರಟರು. ಅಲ್ಲಿ ಅವರನ್ನು ಬರಮಾಡಿಕೊಂಡ ಭವನವೂ 1991ರಲ್ಲಿ ಬಾಸ್ಕೆಟ್‌ಬಾಲಿಗೆಂದು ಕಟ್ಟಿದ್ದೇ! ಗೋಲು ಸರಿಯಾಗಿ ಕಾಣದ ಆಸನಗಳು ಅಲ್ಲಿಯೂ ಸಾವಿರಾರು. ಆದರೆ ಇಲ್ಲಿ ಒಂದು ಭೇದವುಂಟು. ಎರಡು ಆಟಗಳಿಗೂ ಭವನಕ್ಕೂ ಒಡೆಯರು ಒಬ್ಬರೇ. ಅದನ್ನು ತಿದ್ದಿ ಕಟ್ಟುವ ಕೆಲಸಕ್ಕೂ ಸುತ್ತಣ ಪೇಟೆಯ ಸುಧಾರಣೆಗೂ ನಗರಸಭೆ ಮಾರಾಟ ತೆರಿಗೆಯನ್ನು ಶೇಕಡ ಅರ್ಧದಷ್ಟು ಏರಿಸಿತು. ಆ ಹಣ ಸಾರ್ಥಕವಾಗುವುದೇ ಎಂಬುದಕ್ಕೆ ಕಾಲವೇ ಉತ್ತರ ಹೇಳಬೇಕು.

ಮರುಭೂಮಿಯಲ್ಲಿ ಮಂಜಿನ ಆಟ ಬೆಳೆಯದೆಂದು ಸುಲಭವಾಗಿ ತೀರ್ಪು ಕೊಡುವವರಿದ್ದಾರೆ. ಅದು ಸರಿಯಲ್ಲ. ಬಾಲ್ಯದಲ್ಲಿ ಈ ತಂಡದ ಆಟ ನೋಡುತ್ತ ಸ್ಕಾಟ್ಸ್‌ಡೇಲಿನಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್ ಎಂಬ ಹುಡುಗನನ್ನು 2016ರಲ್ಲಿ ಲೀಗಿನ ಹೊಸ ಆಟಗಾರರ ಆಯ್ಕೆಯಲ್ಲಿ ಟೊರಾಂಟೊ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಬೀಜ ಬಿದ್ದಿತ್ತು, ಮೊಳಕೆಯೂ ಬಂದಿತ್ತು. ಕುತ್ತು ಬಂದದ್ದು ಬಿಸಿಲಿನಿಂದಲ್ಲ. ಬೇರೆ ಆಟದ ಅಳತೆಗೆ, ಬೇರೆಯವರ ಭೂಮಿಯ ಲೆಕ್ಕಕ್ಕೆ ಕಟ್ಟಿದ ಮನೆಗಳಲ್ಲಿ ಒಂದಾದ ಮೇಲೊಂದರಂತೆ ಬಾಡಿಗೆಗಿದ್ದುದರಿಂದ. ಮಕ್ಕಳು ಹುಂಡಿ ಒಡೆದ ವಿನಿಪೆಗ್ಗಿಗೂ, ಬೇಡವೆಂದು ಮತ ಹಾಕಿದ ಟೆಂಪಿಗೂ ಎದುರಾದ ಪ್ರಶ್ನೆ ಒಂದೇ. ತಂಡ ಊರಿನದೆಂದು ಎಲ್ಲರೂ ಹೇಳುತ್ತಾರೆ. ಕಾಗದಪತ್ರದಲ್ಲಿ ಅದು ಒಡೆಯನದು. ಹಾಗಿರುವಾಗ ಅದರ ಮನೆಯನ್ನು ಯಾರ ಹಣದಿಂದ ಕಟ್ಟಬೇಕು? ಒಂದು ಊರು ಪ್ರೀತಿಯಿಂದ ಉತ್ತರ ಕೊಟ್ಟಿತು, ಇನ್ನೊಂದು ವಿವೇಕದಿಂದ ಕೊಟ್ಟಿತು. ತಂಡ ಎರಡು ಊರುಗಳನ್ನೂ ಬಿಟ್ಟುಹೋಯಿತು.