ಸಿಂಪ್ಯೂಟರ್: ಅಂಗೈಯಲ್ಲಿ ಇಡೀ ಲಿನಕ್ಸ್

ಮೊನ್ನೆ ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿದಾಗ ಸಿಂಪ್ಯೂಟರಿನ ಚಿತ್ರವೊಂದು ಸಿಕ್ಕಿತು. ನೆನಪಿದೆಯಾ ನಿಮಗೆ? ಈಗಿನ ಹುಡುಗರನ್ನು ಕೇಳಿದರೆ "ಹಾಗಂದ್ರೇನು ಸಾರ್?" ಅಂತಾರೆ. ಗೊತ್ತಿರುವವರು ನಕ್ಕು ಸುಮ್ಮನಾಗುತ್ತಾರೆ. ಆ ನಗು ನನಗೆ ಹಿಡಿಸುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ನಾಲ್ವರು ಪ್ರಾಧ್ಯಾಪಕರು (ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್) ಮತ್ತು ಬೆಂಗಳೂರಿನದೇ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಯಂತ್ರವನ್ನು ಜನರೆದುರು ಇಟ್ಟರು. ಗುರಿ 9,000 ರೂಪಾಯಿ. ಅಷ್ಟು ದುಡ್ಡೂ ಇಲ್ಲದವರಿಗೆ ಇನ್ನೊಂದು ಉಪಾಯವಿತ್ತು: ಊರಿಗೆಲ್ಲಾ ಒಂದೇ ಸಿಂಪ್ಯೂಟರ್, ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್. ನಿಮ್ಮ ಕಾರ್ಡ್ ತೂರಿಸಿದರೆ ಅಷ್ಟು ಹೊತ್ತು ಅದು ನಿಮ್ಮದು.

ಒಳಗೆ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್, 206 ಮೆಗಾಹರ್ಟ್ಸ್. ಅದರ ಮೇಲೆ ಲಿನಕ್ಸ್! ಆಗ ಕೈಗಂಪ್ಯೂಟರ್ ಅಂದರೆ ಪಾಮ್. 2000ದಲ್ಲಿ ಬಂದ ಪಾಮ್ ಎಂ100ಗೆ 2 ಎಂಬಿ ಮೆಮೊರಿ ಸಾಕಾಗಿತ್ತು, ಇದಕ್ಕೆ 32 ಎಂಬಿ ಬೇಕಾಯಿತು. ವಿಳಾಸ, ಲೆಕ್ಕ ಬರೆದುಕೊಳ್ಳುವುದಕ್ಕೆ ಇಡೀ ಆಪರೇಟಿಂಗ್ ಸಿಸ್ಟಮ್ಮೇ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು ಎಂದು ಆಗ ನನಗೂ ಅನ್ನಿಸಿತ್ತು.

ಆದರೆ ಕನ್ನಡದ ವಿಷಯ ಬಂದಾಗ ಲೆಕ್ಕ ಬೇರೆ. ಪಾಮ್‌ನ ಒಳಗಿನ ಅಕ್ಷರ ವ್ಯವಸ್ಥೆ ಕಂಪನಿಯ ಕೈಯಲ್ಲಿತ್ತು. ಲಿನಕ್ಸ್‌ನ ಕೋಡ್ ನಮ್ಮ ಕೈಯಲ್ಲಿ. ಓದು ಬಾರದವರಿಗಾಗಿ ರಮೇಶ್ ಹರಿಹರನ್ ಬರೆದ 'ಧ್ವನಿ' ಎಂಬ ತಂತ್ರಾಂಶ ಭಾರತೀಯ ಭಾಷೆಗಳ ಪಠ್ಯವನ್ನು ಗಟ್ಟಿಯಾಗಿ ಓದುತ್ತಿತ್ತು, ಕನ್ನಡವನ್ನೂ. ಇಂಥದ್ದನ್ನು ಮೇಜಿನ ಮೇಲಿನ ಲಿನಕ್ಸಿನಲ್ಲಿ ಬರೆದು, ಪರೀಕ್ಷಿಸಿ, ಆಮೇಲೆ ಆರ್ಮ್ ಚಿಪ್ಪಿಗೆ ಕಂಪೈಲ್ ಮಾಡಿದರೆ ಬಹುಪಾಲು ಕೆಲಸ ಮುಗಿದ ಹಾಗೆ. ಇನ್ನೊಂದು ಅನುಕೂಲ: ಸ್ಟ್ರಾಂಗ್‌ಆರ್ಮ್‌ನಲ್ಲಿ ಎಂಎಂಯು ಇದೆ. ಅಂದರೆ ಒಂದು ಪ್ರೋಗ್ರಾಂ ಹಾದಿ ತಪ್ಪಿ ಇನ್ನೊಂದರ ಮೆಮೊರಿಗೆ ಕೈ ಹಾಕದಂತೆ ಚಿಪ್ಪೇ ತಡೆಯುತ್ತದೆ. ಅದಿಲ್ಲದ ಬಡ ಚಿಪ್ಪುಗಳಿಗೆ ಯುಸಿಲಿನಕ್ಸ್ ಎಂಬ ಬೇರೆ ಅವತಾರವೇ ಬೇಕಾಗಿತ್ತು.

ಹಾಗಂತ ಇದನ್ನು ಮಾಡಿದ್ದು ನಾವೇ ಮೊದಲು ಎಂದು ಬೀಗಬೇಕಾಗಿಲ್ಲ :) ಡಿಜಿಟಲ್ ಕಂಪನಿಯ ಕ್ಯಾಲಿಫೋರ್ನಿಯಾ ಪ್ರಯೋಗಾಲಯಗಳಲ್ಲಿ ಹುಟ್ಟಿದ 'ಇಟ್ಸಿ' ಅದಕ್ಕೂ ಮುಂಚೆಯೇ ಸ್ಟ್ರಾಂಗ್‌ಆರ್ಮ್ ಮೇಲೆ ಲಿನಕ್ಸ್ ಓಡಿಸಿತ್ತು. ಆದರೆ ಅದು ಸಂಶೋಧಕರ ಆಟಿಕೆ, ಅಂಗಡಿಗೆ ಬರಲಿಲ್ಲ.

ಸಿಂಪ್ಯೂಟರ್ ಬಂತು, ತಡವಾಗಿ. 2004ರಲ್ಲಿ ಪಿಕೋಪೆಟಾದವರ 'ಅಮಿಡಾ' ಮಾರುಕಟ್ಟೆಗೆ ಇಳಿಯಿತು, ತಯಾರಿಸಿದ್ದು ನಮ್ಮ ಬಿಇಎಲ್. ಕೈ ಅಲುಗಾಡಿಸಿದರೆ ಗುರುತಿಸುವ ಚಲನೆಯ ಸೆನ್ಸರ್ ಕೂಡ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲು! ಆದರೆ ಬಣ್ಣದ ಪರದೆಯ ಮಾದರಿಗೆ ಬೆಲೆ ಇಪ್ಪತ್ತು ಸಾವಿರದ ಹತ್ತಿರ. ಲಕ್ಷಗಟ್ಟಲೆ ತಯಾರಾದರೆ ತಾನೇ ಬೆಲೆ ಇಳಿಯುವುದು? ಬೆಲೆ ಇಳಿಯದೆ ಲಕ್ಷಗಟ್ಟಲೆ ಕೊಳ್ಳುವವರು ಯಾರು? ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಬಳಸಿತು ನಿಜ, ಅದೊಂದೇ ಸಾಲಲಿಲ್ಲ. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಹಳ್ಳಿ ಹಳ್ಳಿಗೂ ಅಗ್ಗದ ಮೊಬೈಲ್ ಬಂದುಬಿಟ್ಟಿತ್ತು.

ಸೋತದ್ದು ಲಿನಕ್ಸ್ ಅಲ್ಲ ಅನ್ನುವುದು ನನ್ನ ವಾದ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ಬುಡದಲ್ಲಿದ್ದದ್ದೂ ಅದೇ ಲಿನಕ್ಸ್ ಕರ್ನಲ್, ಆರ್ಮ್ ಚಿಪ್. 'ಧ್ವನಿ'ಯೂ ಸಾಯಲಿಲ್ಲ. ಮುಕ್ತ ತಂತ್ರಾಂಶವಾಗಿದ್ದರಿಂದ ಮುಂದೆ ಬೇರೆಯವರು ಕೈಗೆತ್ತಿಕೊಂಡು ಇನ್ನಷ್ಟು ಭಾಷೆಗಳನ್ನು ಸೇರಿಸಿದರು.

ಅಂದ ಹಾಗೆ, ನಿಮ್ಮ ಕಡೆಯ ಗ್ರಾಮಲೆಕ್ಕಿಗರು ಯಾರಾದರೂ ಸಿಂಪ್ಯೂಟರ್ ಹಿಡಿದು ಹೊಲ ಸುತ್ತಿದ್ದರೆ ದಯವಿಟ್ಟು ತಿಳಿಸಿ. ಬಿಸಿಲಿನಲ್ಲಿ ಆ ಪರದೆ ಕಾಣುತ್ತಿತ್ತೋ ಇಲ್ಲವೋ, ಅವರನ್ನೇ ಕೇಳಬೇಕು.