ಜ್ಯೇಷ್ಠಮಧುವಿನ ರುಚಿ

ನಮ್ಮ ಕ್ಯಾಲಿಫೋರ್ನಿಯಾದ ಮ್ಯಾನೇಜರ್ ವಿಡಿಯೋ ಕಾಲ್‌ಗೆ ಬಂದಾಗಲೆಲ್ಲ ಅವರ ಹಿಂದಿನ ಗೋಡೆಯ ಮೇಲೆ ಒಂದು ತಲೆಬುರುಡೆಯ ಪೋಸ್ಟರ್ ಕಾಣುತ್ತಿತ್ತು. ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಬಿಳಿ ಮಿಂಚು. ಟೀಮಿಗೆ ಸೇರಿದ ಹೊಸತರಲ್ಲಿ ಒಂದು ದಿನ, ಮಾತಾಡಲು ಬೇರೇನೂ ಸಿಗದೆ, ಅದೇನು ಅಂತ ಕೇಳಿಬಿಟ್ಟೆ. ಆಮೇಲಿನ ಇಪ್ಪತ್ತು ನಿಮಿಷ ಆಫೀಸಿನ ಕೆಲಸ ನಡೆಯಲಿಲ್ಲ. ಅದು ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಬ್ಯಾಂಡಿನ ಗುರುತಂತೆ. ಕಾಲೇಜಿನ ದಿನಗಳಲ್ಲಿ ಅವರು ಆ ಬ್ಯಾಂಡಿನ ಹಿಂದೆ ಊರೂರು ಅಲೆದವರಂತೆ. ಕೊನೆಗೆ, "1977, ಮೇ 8, ಕಾರ್ನೆಲ್. ಅಲ್ಲಿಂದ ಶುರು ಮಾಡು" ಅಂದರು.

ಶುರು ಮಾಡಿದೆ. ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಕ್ಯಾಬ್ ನಿಂತಲ್ಲೇ ನಿಂತಿದ್ದಾಗ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಎರಡೂವರೆ ಗಂಟೆಗೂ ಮೀರಿದ ಆ ಕಾರ್ಯಕ್ರಮವನ್ನು ಪೂರ್ತಿ ಕೇಳಿದೆ. ಏನೂ ಆಗಲಿಲ್ಲ. ಗಿಟಾರು ಎಲ್ಲಿಗೋ ಹೊರಡುತ್ತದೆ, ಎಲ್ಲಿಗೂ ತಲುಪುವುದಿಲ್ಲ. ಇಬ್ಬರು ಡ್ರಮ್ಮರ್‌ಗಳಿದ್ದರೂ ತಾಳ ಸಡಿಲ. ಹಾಡುವ ದನಿ ತೆಳು, ಅಲ್ಲಲ್ಲಿ ಶ್ರುತಿಯೂ ಜಾರುತ್ತದೆ. ಎರಡು ಹಾಡುಗಳನ್ನು ಬೆಸೆದು ಸುಮಾರು 25 ನಿಮಿಷ ನುಡಿಸುವ ಒಂದು ಭಾಗವಿದೆ. ಅದೇ ಶಿಖರ ಅನ್ನುತ್ತಾರೆ. ನನಗೆ ಅಲ್ಲಿ ನಿದ್ದೆ ಬಂತು.

ಮರುದಿನ ಮಾತ್ರ "ಸೂಪರ್ ಆಗಿತ್ತು, ಆ ಜಾಮ್ ಅಂತೂ ಬೇರೆ ಲೆವೆಲ್" ಅಂದೆ. ಈ ಸುಳ್ಳು ನನಗೆ ಹೊಸದಲ್ಲ. ಕನ್ನಡ ಮೀಡಿಯಂನಿಂದ ಎಂಜಿನಿಯರಿಂಗ್ ಹಾಸ್ಟೆಲಿಗೆ ಬಂದ ಹುಡುಗ ಮೊದಲ ಸೆಮಿಸ್ಟರಿನಲ್ಲೇ ಕಲಿಯುವ ವಿದ್ಯೆ ಅದು. ಪಕ್ಕದವರು ಇಂಗ್ಲಿಷ್ ಬ್ಯಾಂಡಿನ ಹೆಸರು ಹೇಳಿದರೆ ತಲೆಯಾಡಿಸಬೇಕು, ರಾತ್ರಿ ಕೂತು ಅದೇನು ಅಂತ ಹುಡುಕಬೇಕು. ಪಿಂಕ್ ಫ್ಲಾಯ್ಡ್, ಮೆಟಾಲಿಕಾ ಎಲ್ಲ ನನಗೆ ಹಾಗೆ ತಲೆಯಾಡಿಸುತ್ತಲೇ ನಿಜವಾಗಿ ಇಷ್ಟವಾದವು. ಇದೂ ಹಾಗೇ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಸುಳ್ಳನ್ನು ಸಾಕುವುದಕ್ಕಾಗಿ ಬ್ಯಾಂಡಿನ ಇತಿಹಾಸ ಓದತೊಡಗಿದೆ. ಸಂಗೀತ ಹಿಡಿಸದಿದ್ದರೂ ಇತಿಹಾಸ ಹಿಡಿಸಿಬಿಟ್ಟಿತು.

ಕಥೆ ಶುರುವಾಗುವುದು ನಮ್ಮ ಕ್ಲೈಂಟುಗಳ ಈಮೇಲ್ ಸಹಿಯಲ್ಲಿ ಕಾಣುವ ಊರುಗಳಲ್ಲೇ: ಪಾಲೋ ಆಲ್ಟೊ, ಮೆನ್ಲೊ ಪಾರ್ಕ್, ಸ್ಯಾನ್ ಹೋಸೆ. 1965ರಲ್ಲಿ ಪಾಲೋ ಆಲ್ಟೊದಲ್ಲಿ ಐವರು ಹುಡುಗರು ಸೇರಿ ವಾರ್ಲಾಕ್ಸ್ ಎಂಬ ಬ್ಯಾಂಡ್ ಕಟ್ಟಿದರು. ಗಿಟಾರಿನ ಜೆರ್ರಿ ಗಾರ್ಸಿಯಾ ಅಲ್ಲಿಯವರೆಗೆ ಬ್ಯಾಂಜೊ ಹಿಡಿದು ಹಳ್ಳಿ ಕಡೆಯ ಬ್ಲೂಗ್ರಾಸ್ ನುಡಿಸುತ್ತಿದ್ದವನು. ಸ್ವಲ್ಪ ಸಮಯದಲ್ಲೇ ಬಂದು ಸೇರಿಕೊಂಡ ಫಿಲ್ ಲೆಶ್ ಟ್ರಂಪೆಟ್ ಮತ್ತು ಆಧುನಿಕ ಸಂಗೀತ ರಚನೆ ಕಲಿತವನು, ಬ್ಯಾಂಡಿಗೆ ಬಂದ ಮೇಲೇ ಬೇಸ್ ಗಿಟಾರ್ ಕಲಿತ. ಪಿಗ್‌ಪೆನ್ ಅಂತ ಕರೆಸಿಕೊಳ್ಳುತ್ತಿದ್ದ ರಾನ್ ಮೆಕರ್ನನ್ ಪಕ್ಕಾ ಬ್ಲೂಸ್ ಗಾಯಕ. ಮೊದಮೊದಲು ಮೆನ್ಲೊ ಪಾರ್ಕಿನ ಒಂದು ಪಿಜ್ಜಾ ಅಂಗಡಿಯಲ್ಲಿ ನುಡಿಸಿದರು. ವಾರ್ಲಾಕ್ಸ್ ಹೆಸರಿನ ಬೇರೊಂದು ಬ್ಯಾಂಡ್ ಇದೆ ಅಂತ ಗೊತ್ತಾದಾಗ ನಿಘಂಟು ತೆಗೆದು ಹೊಸ ಹೆಸರು ಹುಡುಕಿದರು. ಅದೇ ಗ್ರೇಟ್‌ಫುಲ್ ಡೆಡ್.

ಆ ಡಿಸೆಂಬರಿನಲ್ಲಿ ಕಾದಂಬರಿಕಾರ ಕೆನ್ ಕೇಸಿ ಮತ್ತವನ ಗೆಳೆಯರು ನಡೆಸುತ್ತಿದ್ದ 'ಆಸಿಡ್ ಟೆಸ್ಟ್' ಎಂಬ ರಾತ್ರಿಕೂಟಗಳಿಗೆ ಇವರೇ ವಾದ್ಯದವರಾದರು. ಎಲ್‌ಎಸ್‌ಡಿ ಆಗಿನ್ನೂ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ ಆಗಿರಲಿಲ್ಲ, ನಿಷೇಧ ಬಂದದ್ದು 1966ರ ಅಕ್ಟೋಬರಿನಲ್ಲಿ. ಆ ಕೂಟಗಳಿಗೆ ಯಾರೂ ಬ್ಯಾಂಡ್ ಕೇಳಲೆಂದು ಬರುತ್ತಿರಲಿಲ್ಲ. ಬೆಳಕು, ಗದ್ದಲ, ಕುಣಿತದ ನಡುವೆ ಬ್ಯಾಂಡೂ ಒಂದು. ಬೇಕಾದರೆ ಗಂಟೆಗಟ್ಟಲೆ ನುಡಿಸಬಹುದು, ಬೇಡವಾದರೆ ಐದು ನಿಮಿಷಕ್ಕೆ ನಿಲ್ಲಿಸಬಹುದು. ಅಂದರೆ ಈ ಸಂಗೀತ ಹುಟ್ಟಿದ್ದೇ 'ಕೂತು ಕೇಳುವ ವಸ್ತು' ಆಗಿ ಅಲ್ಲ. ಒಂದು ರಾತ್ರಿಯನ್ನು ಎಲ್ಲರೂ ಸೇರಿ ಕಳೆಯುವುದರ ಒಂದು ಭಾಗವಾಗಿ. ಇದನ್ನು ಓದಿದಾಗ, ಬೆಳ್ಳಂದೂರಿನ ಕ್ಯಾಬಿನಲ್ಲಿ ಒಬ್ಬನೇ ಕೂತು ಕೇಳಿದ ನನ್ನ ಪಾಡು ಸ್ವಲ್ಪ ಅರ್ಥವಾಯಿತು.

ಸ್ಟುಡಿಯೋಗೂ ಅವರಿಗೂ ಆಗಿಬರಲಿಲ್ಲ. 1968ರಲ್ಲಿ 'ಡಾರ್ಕ್ ಸ್ಟಾರ್' ಎಂಬ ಹಾಡನ್ನು ಮೂರು ನಿಮಿಷದೊಳಗೆ ಮುಗಿಸಿ ಸಿಂಗಲ್ ಆಗಿ ಹೊರತಂದರು. ಕೊಂಡವರು ತೀರಾ ಕಡಿಮೆ. ಮರುವರ್ಷ ಅದೇ ಹಾಡು ಲೈವ್ ಆಲ್ಬಂ ಒಂದರಲ್ಲಿ 23 ನಿಮಿಷ ಬೆಳೆದು ಬಂದಾಗ ಜನ ತಲೆಮೇಲೆ ಹೊತ್ತುಕೊಂಡರು. ಹಾಗಂತ ಲೈವ್ ಅಂದರೆ ಪ್ರತಿಸಲ ಗೆಲುವು ಅಂತಲೂ ಅಲ್ಲ. ಜಗತ್ತಿಗೆಲ್ಲ ಗೊತ್ತಿರುವ 1969ರ ವುಡ್‌ಸ್ಟಾಕ್‌ನಲ್ಲಿ ಇವರ ಸರದಿ ಬಂದಾಗ ಮಳೆಗೆ ವೇದಿಕೆ ಒದ್ದೆಯಾಗಿ, ಗಿಟಾರು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಅವತ್ತು ತೀರಾ ಕೆಟ್ಟದಾಗಿ ನುಡಿಸಿದೆವು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಮುಂದಿನ ರಾತ್ರಿ ಚೆನ್ನಾಗಿರಬಹುದು ಎಂಬ ನಂಬಿಕೆಯ ಮೇಲೇ ನಡೆದ ಬ್ಯಾಂಡ್ ಇದು. 30 ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟರು. ಇವತ್ತು ಯಾವ ಹಾಡು, ಯಾವುದರ ನಂತರ ಯಾವುದು ಅನ್ನುವುದು ಮೊದಲೇ ಗೊತ್ತಿರುತ್ತಿರಲಿಲ್ಲ.

ನನ್ನೊಳಗಿನ ಎಂಜಿನಿಯರ್ ಮೊದಲ ಸಲ ನೆಟ್ಟಗೆ ಕೂತದ್ದು 1974ರ 'ವಾಲ್ ಆಫ್ ಸೌಂಡ್' ಬಗ್ಗೆ ಓದಿದಾಗ. ಹಿಂದೆಲ್ಲ ವಾದ್ಯದವರಿಗೆ ತಮ್ಮದೇ ನಾದ ಸರಿಯಾಗಿ ಕೇಳುತ್ತಿರಲಿಲ್ಲ. ಎಲ್‌ಎಸ್‌ಡಿ ತಯಾರಿಸುತ್ತಲೇ ಬ್ಯಾಂಡಿನ ಸೌಂಡ್ ಎಂಜಿನಿಯರ್ ಕೂಡ ಆಗಿದ್ದ ಔಸ್ಲಿ ಸ್ಟ್ಯಾನ್ಲಿ ಮತ್ತವನ ಸಂಗಡಿಗರು ಸುಮಾರು 600 ಸ್ಪೀಕರುಗಳನ್ನು ಗೋಡೆಯಂತೆ ಪೇರಿಸಿ ವಾದ್ಯದವರ ಬೆನ್ನಹಿಂದೆಯೇ ನಿಲ್ಲಿಸಿದರು. ಕೇಳುಗರಿಗೆ ಕೇಳುವುದೇ ನುಡಿಸುವವರಿಗೂ ಕೇಳಬೇಕು ಅನ್ನುವುದು ಲೆಕ್ಕ. ಆದರೆ ಸ್ಪೀಕರು ಹಿಂದಿದ್ದರೆ ಅದೇ ಸದ್ದು ಮೈಕಿಗೆ ಮತ್ತೆ ನುಗ್ಗಿ ಕೂಗತೊಡಗುತ್ತದಲ್ಲ? ಅದಕ್ಕೆ ಪ್ರತಿ ಗಾಯಕನಿಗೂ ಒಂದರ ಪಕ್ಕ ಒಂದರಂತೆ ಎರಡು ಮೈಕು, ಒಂದರ ಸಿಗ್ನಲ್ ಇನ್ನೊಂದಕ್ಕೆ ತಲೆಕೆಳಗು. ಎರಡಕ್ಕೂ ಸಮನಾಗಿ ಬೀಳುವ ಹಿಂದಿನ ಸದ್ದು ಒಂದಕ್ಕೊಂದು ಕಳೆದುಹೋಗುತ್ತದೆ. ಹಾಡುವವನು ಬಾಯಿಟ್ಟದ್ದು ಒಂದೇ ಮೈಕಿಗಾದ್ದರಿಂದ ಅವನ ದನಿ ಉಳಿಯುತ್ತದೆ. ಆ ದನಿ ನನಗೆ ಯಾಕೆ ತೆಳು ಅನ್ನಿಸಿತು ಅನ್ನುವುದಕ್ಕೆ ಇಲ್ಲೊಂದು ನೆಪ ಹುಡುಕಿದೆ. ಆದರೆ 1977ರ ಹೊತ್ತಿಗೆ ಆ ಗೋಡೆಯೇ ಇರಲಿಲ್ಲ. ಸುಮಾರು 75 ಟನ್ ತೂಕದ ಅದನ್ನು ಊರಿಂದೂರಿಗೆ ಸಾಗಿಸುವ ಖರ್ಚಿಗೆ ಸುಸ್ತಾಗಿ 1974ರ ಕೊನೆಗೇ ಬಿಟ್ಟುಬಿಟ್ಟಿದ್ದರು. ನೆಪವೂ ಬಿದ್ದುಹೋಯಿತು.

ನಿಜವಾದ ವಿಷಯ ಇರುವುದು ಕ್ಯಾಸೆಟ್ಟಿನಲ್ಲಿ. ಅಭಿಮಾನಿಗಳು ಶುರುವಿನಿಂದಲೂ ಕದ್ದುಮುಚ್ಚಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಬೇರೆ ಬ್ಯಾಂಡುಗಳು ಪೊಲೀಸರನ್ನು ಕರೆಯುವ ಕಾಲದಲ್ಲಿ ಇವರು ನೋಡಿಯೂ ನೋಡದಂತೆ ಇದ್ದರು. 1984ರಲ್ಲಂತೂ ರೆಕಾರ್ಡ್ ಮಾಡುವವರಿಗೆಂದೇ ಬೇರೆ ಟಿಕೆಟ್, ಬೇರೆ ಜಾಗ ಕೊಟ್ಟರು. ಅಭಿಮಾನಿಗಳ ನಡುವಿನ ನಿಯಮ ಒಂದೇ, ದುಡ್ಡಿಗೆ ಮಾರಬಾರದು. ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿದರೆ ಗುರುತಿಲ್ಲದವರೂ ಕಾಪಿ ಮಾಡಿ ಕಳಿಸುತ್ತಿದ್ದರು. ಕಾಪಿಯಿಂದ ಕಾಪಿಗೆ 'ಸ್ಸ್' ಸದ್ದು ಹೆಚ್ಚುತ್ತಾ ಹೋಗುತ್ತಿತ್ತು, ಎಷ್ಟನೇ ಕಾಪಿ ಅನ್ನುವುದೇ ಒಂದು ಅಂತಸ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನ ಆ ರಾತ್ರಿ, ಮೇ ತಿಂಗಳಲ್ಲೂ ಹೊರಗೆ ಹಿಮ ಬಿದ್ದ ಆ ರಾತ್ರಿ, ಹೆಸರಾದದ್ದು ಹೀಗೆ. ಬ್ಯಾಂಡಿನ ಸೌಂಡ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಬಲು ಶುದ್ಧವಾಗಿ ಹಿಡಿದಿಟ್ಟ ಆ ರೆಕಾರ್ಡಿಂಗ್ ಕೈಯಿಂದ ಕೈಗೆ ಹರಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಡಬೇಕಾದ ರೆಕಾರ್ಡಿಂಗುಗಳ ಪಟ್ಟಿಗೆ ಸೇರಿಸಿದ ಮೇಲೆ, 40 ವರ್ಷ ತಡವಾಗಿ 2017ರಲ್ಲಿ ಅದು ಅಧಿಕೃತ ಆಲ್ಬಂ ಆಗಿ ಬಂತು.

ಈ ಜಾಲ ಸೀದಾ ನಮ್ಮ ವೃತ್ತಿಯ ಬುಡಕ್ಕೂ ಬರುತ್ತದೆ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಶುರುವಾದ 'ದಿ ವೆಲ್' ಎಂಬ ಆನ್‌ಲೈನ್ ಸಮುದಾಯಕ್ಕೆ ಆರಂಭದ ದಿನಗಳಲ್ಲಿ ದೊಡ್ಡ ಆದಾಯ ತಂದವರು ಈ ಬ್ಯಾಂಡಿನ ಅಭಿಮಾನಿಗಳೇ. ಬ್ಯಾಂಡಿಗೆ ಹಾಡು ಬರೆದುಕೊಡುತ್ತಿದ್ದ ಜಾನ್ ಪೆರ್ರಿ ಬಾರ್ಲೊ, ಇಂಟರ್‌ನೆಟ್ಟಿನಲ್ಲಿ ನಾಗರಿಕರ ಹಕ್ಕಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ನನ್ನು 1990ರಲ್ಲಿ ಕಟ್ಟಿದವರಲ್ಲಿ ಒಬ್ಬ. ಕಾಪಿ ಹಂಚಿದರೆ ಬೇಡಿಕೆ ಕಮ್ಮಿಯಾಗದು, ಹೆಚ್ಚುತ್ತದೆ ಅನ್ನಲು ಅವನು ಕೊಡುತ್ತಿದ್ದ ಉದಾಹರಣೆ ತನ್ನ ಬ್ಯಾಂಡಿನ ಕ್ಯಾಸೆಟ್ಟುಗಳದ್ದೇ. ನಾನು ದಿನಾ ಬಳಸುವ ಓಪನ್ ಸೋರ್ಸ್ ಕೋಡ್ ಹಿಂದಿನ 'ಹಂಚಿಕೋ' ಎಂಬ ಮನಸ್ಸಿಗೆ ಇವರೂ ನೆಂಟರು ಅಂತ ಆಯಿತು.

ಇಷ್ಟೆಲ್ಲ ತಿಳಿದ ಮೇಲೆ ಮತ್ತೆ ಕೇಳಿದೆ. ಡ್ರಮ್ಮರ್ ಮಿಕಿ ಹಾರ್ಟ್ ತಬಲಾದ ಅಲ್ಲಾ ರಖಾ ಅವರಿಂದ ಪಾಠ ಕಲಿತವನು, ಅವರಲ್ಲಿ 11 ಮಾತ್ರೆಯ ಹಾಡೂ ಒಂದಿದೆ ಅಂತ ಓದಿ ಆಸೆಯಿಂದ ಅದನ್ನೂ ಹಾಕಿದೆ. ಎಣಿಸಿದೆ, ಹನ್ನೊಂದು ಸಿಕ್ಕಿತು, ಸಂತೋಷ ಸಿಗಲಿಲ್ಲ. ಹಾರ್ಟ್ ಮತ್ತು ಜಾಕೀರ್ ಹುಸೇನ್ ಸೇರಿ 1976ರಲ್ಲಿ ತಂದ 'ಡಿಗಾ ರಿದಮ್ ಬ್ಯಾಂಡ್' ಆಲ್ಬಂ ಮಾತ್ರ ಇಷ್ಟವಾಯಿತು. ಆದರೆ ಅದು ಗ್ರೇಟ್‌ಫುಲ್ ಡೆಡ್ ಅಲ್ಲ.

ಆ ಮಳೆಗಾಲ ಊರಿಗೆ ಹೋದಾಗ ಅಟ್ಟದಲ್ಲಿ ಅಪ್ಪಯ್ಯನ ಕ್ಯಾಸೆಟ್ ಡಬ್ಬಿ ಸಿಕ್ಕಿತು. ಎಲ್ಲ ತಾಳಮದ್ದಳೆ. ಟೇಪ್ ರೆಕಾರ್ಡರನ್ನು ಭಾಗವತರ ಹತ್ತಿರ ಇಟ್ಟು, ನಿದ್ದೆಗೆಟ್ಟು ಸೈಡ್ ಬದಲಿಸುತ್ತಾ ತುಂಬಿಕೊಂಡದ್ದು. ಕವರಿನ ಮೇಲೆ ಪ್ರಸಂಗ, ಊರು, ತಾರೀಖು. 'ವಾಲಿವಧೆ' ಒಂದೇ ನಾಲ್ಕು ಇದ್ದವು, ನಾಲ್ಕು ಬೇರೆ ರಾತ್ರಿಗಳದ್ದು. ಪದ್ಯ ಅದೇ, ಅರ್ಥ ಹೇಳುವವರ ಮಾತು ಪ್ರತಿಸಲ ಹೊಸತು. ಇದನ್ನು ಎರವಲು ಒಯ್ದು ಕಾಪಿ ಮಾಡಿಕೊಳ್ಳಲು ಪಕ್ಕದೂರಿನವರು ಬರುತ್ತಿದ್ದದ್ದು ನೆನಪಾಯಿತು. ಒಂದನ್ನು ಹಾಕಿದೆ. ಮದ್ದಳೆಯ ಸದ್ದಿನ ನಡುವೆ ಯಾರೋ ಕೆಮ್ಮಿದರು. "ಅದು ನಿನ್ನ ಅಜ್ಜ" ಅಂದರು ಅಪ್ಪಯ್ಯ, ತಲೆಯೆತ್ತದೆ.

ನನ್ನ ರೂಮ್‌ಮೇಟ್ ಒಬ್ಬನಿಗೆ ಹಿಂದೊಮ್ಮೆ ತಾಳಮದ್ದಳೆ ಕೇಳಿಸಿದ್ದೆ. ಬೆಂಗಳೂರಿನಲ್ಲೇ ಬೆಳೆದ ಕನ್ನಡದ ಹುಡುಗ. ಹತ್ತು ನಿಮಿಷಕ್ಕೆ ಫೋನ್ ತೆಗೆದ. ನನಗೆ ಸಿಟ್ಟು ಬಂದಿತ್ತು, ರುಚಿಯಿಲ್ಲದವನು ಅಂತ ಮನಸ್ಸಿನಲ್ಲೇ ಬೈದಿದ್ದೆ. ಈಗ ಅನ್ನಿಸುತ್ತದೆ, ಪಾಪ, ಅವನಿಗೆ ಆ ಕೆಮ್ಮು ಬರೀ ಕೆಮ್ಮು. ಕಾರ್ನೆಲ್‌ನ ಟೇಪಿನಲ್ಲಿ ನನ್ನ ಅಜ್ಜ ಇಲ್ಲ. ಮ್ಯಾನೇಜರ್‌ಗೆ ಅಲ್ಲಿ ಅವರ ಹತ್ತೊಂಬತ್ತರ ವಯಸ್ಸು, ಗೆಳೆಯರ ವ್ಯಾನು, ಅಂಚೆಯಲ್ಲಿ ಬಂದ ಕ್ಯಾಸೆಟ್ಟು ಎಲ್ಲ ಕೇಳಿಸುತ್ತದೆ. ಹಾಗಂತ ಎಲ್ಲ ಬರೀ ನೆನಪಿನ ಮಹಿಮೆ ಅಂದರೂ ತಪ್ಪಾಗುತ್ತದೆ. 1995ರ ಆಗಸ್ಟ್ 9ರಂದು ಗಾರ್ಸಿಯಾ 53ನೇ ವಯಸ್ಸಿಗೆ ತೀರಿಕೊಂಡು ಬ್ಯಾಂಡು ಮುಗಿದ ಮೇಲೆ ಹುಟ್ಟಿದ ಹುಡುಗರೂ ಅದೇ ಟೇಪಿಗೆ ಮನಸೋಲುತ್ತಾರೆ. ಅವರಿಗೆ ಕೇಳುವ ಏನೋ ಒಂದು ನನಗೆ ಕೇಳುತ್ತಿಲ್ಲ. ಇತಿಹಾಸ ಓದಿ ಗೌರವ ಬಂತು, ಕಿವಿ ಬರಲಿಲ್ಲ.

ಕೊನೆಗೊಂದು ಶುಕ್ರವಾರದ ಕಾಲ್‌ನಲ್ಲಿ ಹೇಳಿಬಿಟ್ಟೆ. ನಾನು ಅವರ ಬಗ್ಗೆ ಬಹಳ ಓದಿದ್ದೇನೆ, ಆದರೆ ಒಂದು ಸಲವೂ ಅವರ ಸಂಗೀತ ನನಗೆ ಹಿಡಿಸಿಲ್ಲ, ಮೊದಲ ದಿನ ಹೇಳಿದ್ದು ಸುಳ್ಳು ಅಂತ. ಅವರು ಜೋರಾಗಿ ನಕ್ಕರು. ಗಾರ್ಸಿಯಾ ತನ್ನ ಬ್ಯಾಂಡನ್ನು ಲಿಕರಿಸ್‌ಗೆ ಹೋಲಿಸುತ್ತಿದ್ದನಂತೆ: ಎಲ್ಲರಿಗೂ ಸೇರುವುದಿಲ್ಲ, ಸೇರಿದವರಿಗೆ ಮಾತ್ರ ಬಲು ಇಷ್ಟ. ಲಿಕರಿಸ್ ಅಂದರೆ ನಮ್ಮ ಜ್ಯೇಷ್ಠಮಧು. ಚಿಕ್ಕಂದಿನಲ್ಲಿ ಕೆಮ್ಮು ಬಂದರೆ ಅಜ್ಜಿ ಅದರ ಬೇರನ್ನು ಜಗಿಯಲು ಕೊಡುತ್ತಿದ್ದಳು. ನನಗೆ ಆವಾಗಲೂ ಅದು ಸೇರುತ್ತಿರಲಿಲ್ಲ.

"ಹಾಗಾದರೆ ನಿನಗೆ ಏನು ಸೇರುತ್ತೆ?" ಅಂತ ಕೇಳಿದರು. ಒಂದು ಕ್ಷಣ ಹಾಸ್ಟೆಲಿನ ಹಳೇ ಅಭ್ಯಾಸ ಬಾಯಿಗೆ ಬಂತು, ಪಿಂಕ್ ಫ್ಲಾಯ್ಡ್ ಅನ್ನಲು ಹೊರಟೆ. ಆಮೇಲೆ ಅಪ್ಪಯ್ಯನ ಡಬ್ಬಿಯ ಬಗ್ಗೆ ಹೇಳಿದೆ. ಒಂದೇ ಪ್ರಸಂಗದ ನಾಲ್ಕು ರಾತ್ರಿ ಅಂದ ಕೂಡಲೇ ಅವರು ಮುಂದೆ ಬಾಗಿದರು. ಡಿಜಿಟೈಸ್ ಮಾಡಿದ ಒಂದನ್ನು ಕಳಿಸಿದೆ. ಮಾತು ಅರ್ಥವಾಗದಿದ್ದರೆ ಅದರಲ್ಲಿ ಏನೂ ಸಿಗಲಿಕ್ಕಿಲ್ಲ ಅಂತಲೂ ಬರೆದೆ, ಇಷ್ಟವಾಯಿತು ಅಂತ ಸುಮ್ಮನೆ ಹೇಳಬೇಡಿ ಅಂತಲೂ ಬರೆದೆ.

ಸೋಮವಾರ ಉತ್ತರ ಬಂತು. ಪೂರ್ತಿ ಕೇಳಿದ್ದರು, ಇಷ್ಟವಾಗಲಿಲ್ಲ ಅಂತಲೇ ಬರೆದಿದ್ದರು. ಕೆಳಗೆ ಒಂದು ಪ್ರಶ್ನೆ ಇತ್ತು: ಇದು ಎಷ್ಟನೇ ಕಾಪಿ?